ಸೆಲ್ಲು ತೆಗೆಯಲಾಗದ ಟಾರ್ಚು

ನಮ್ಮ ದೊಡ್ಡಮ್ಮನಿಗೆ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು; ಇಳಿದಷ್ಟೂ ಎದುರಿಗಿದ್ದವರ ಎದೆ ಡವಗುಟ್ಟುತ್ತಿತ್ತು. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ಹಿರಿಯ ನರ್ಸಾಗಿದ್ದ ಆಕೆ ಬಲಭುಜವನ್ನು ತುಸು ವಾಲಿಸಿಕೊಂಡು ಬಿರಬಿರನೆ ನಡೆದು ಬರುವಾಗ, ಆ ವಾಲಿಕೆಗೆ ಕೋಟಿನ ಜೇಬಿನ ಟಾರ್ಚೇ ಕಾರಣವೆಂದು ಜೊತೆಯವರು ನಗುತ್ತಿದ್ದರು. ಬೆರಳುದ್ದದ ಟಾರ್ಚಿಗೆ ಅಷ್ಟು ಭಾರವೆಲ್ಲಿಯದು! ಆದರೂ ಬೆನ್ನ ಹಿಂದೆ ಆಕೆಗೆ ‘ಟಾರ್ಚಮ್ಮ’ ಎಂಬ ಹೆಸರೇ ನಿಂತುಬಿಟ್ಟಿತ್ತು.

ಒಮ್ಮೆ ಆಸ್ಪತ್ರೆಯ ಖರೀದಿ ಅಧಿಕಾರಿ ಎಲ್ಲ ಕೊಠಡಿಗಳಿಗೂ ಹೊಸ ಟಾರ್ಚು ಹಂಚಿದರು. ನುಣುಪಾದ ಕಪ್ಪು ಮೈ, ಕಣ್ಣು ಕೋರೈಸುವ ಬೆಳಕು. ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಸೆಲ್ ಹಾಕೋದು ಎಲ್ಲಿ?”

“ಒಳಗೇ ಇದೆ ಸಿಸ್ಟರ್, ತೆಗೆಯೋಕಾಗಲ್ಲ. ಮುಗಿದ್ರೆ ಚಾರ್ಜ್‌ಗೆ ಹಾಕಿದ್ರಾಯ್ತು.”

“ಕರೆಂಟ್ ಹೋದಾಗ ತಾನೇ ಸ್ವಾಮಿ ಟಾರ್ಚ್ ಬೇಕಾಗೋದು? ಆಗ ಚಾರ್ಜ್ ಮಾಡೋಕೆ ಕರೆಂಟ್ ಯಾರು ಕೊಡ್ತಾರೆ, ನಿಮ್ಮ ಮಾವನಾ?”

ಅಧಿಕಾರಿ ನಕ್ಕು ಜಾರಿಕೊಂಡರು. ಆ ನಗು ಆಕೆಗೆ ಮುಳ್ಳಿನಂತೆ ನಾಟಿತು. ಅದೇ ವಾರ ತನ್ನ ಹಳೆಯ ಟಾರ್ಚು ಸವೆದಿತ್ತೆಂದು ಅಂಗಡಿಗೆ ಹೋದಾಗ, ಮಾರುವವನು ಅರ್ಧ ಮೈಲಿ ಬೆಳಕು ಬೀರುವ, ಅದರದೇ ಆದ ವಿಶೇಷ ಬ್ಯಾಟರಿಯ ಟಾರ್ಚೊಂದನ್ನು ಹೊಗಳತೊಡಗಿದ. “ಅರ್ಧ ಮೈಲಿ ದೂರದಲ್ಲಿ ನನಗೇನು ಕೆಲಸ? ನನಗೆ ಬೇಕಾದ್ದು ಮೊಳದೂರ ಬೆಳಕು, ಮೂಲೆ ಅಂಗಡೀಲೂ ಸಿಗೋ ಸೆಲ್ಲು,” ಎಂದು ಒಂದೇ ಪೆನ್ಸಿಲ್ ಸೆಲ್ಲಿನ ಸಾದಾ ಟಾರ್ಚನ್ನು ಆರಿಸಿಕೊಂಡು ಬಂದಳು.

ಎಷ್ಟೋ ತಿಂಗಳ ಮೇಲೆ, ಒಂದು ಮಧ್ಯಾಹ್ನ, ಕಿಟಕಿಯಿಲ್ಲದ ಆ ಕೊಠಡಿಯಲ್ಲಿ ಬಾಣಂತಿಯೊಬ್ಬಳ ರಕ್ತಸ್ರಾವ ನಿಲ್ಲಿಸಲು ವೈದ್ಯೆ ಹೊಲಿಗೆ ಹಾಕುತ್ತಿದ್ದಾಗ ಕರೆಂಟು ಹೋಯಿತು. ಜನರೇಟರ್ ಏಳಲಿಲ್ಲ. ಫೋನುಗಳು ನಿಯಮದಂತೆ ಹೊರಗಿನ ಕಪಾಟಿನಲ್ಲಿ ಬೀಗದೊಳಗಿದ್ದವು. ಕಪ್ಪು ಟಾರ್ಚು ಒಮ್ಮೆ ಮಿಂಚಿ ಸತ್ತಿತು. ಅದನ್ನು ಚಾರ್ಜಿಗೆ ಹಾಕುವುದು ಯಾರ ಕೆಲಸವೂ ಆಗಿರಲಿಲ್ಲ. ದೊಡ್ಡಮ್ಮ ಜೇಬಿಗೆ ಕೈಹಾಕಿ ತನ್ನದರ ಗುಂಡಿ ಒತ್ತಿದಳು. ಅದೂ ಹತ್ತಲಿಲ್ಲ! ಮುಚ್ಚಳ ತಿರುಗಿಸಿದರೆ ಸೆಲ್ಲು ಸೋರಿ, ಸ್ಪ್ರಿಂಗಿನ ಮೇಲೆ ಕಟ್ಟಿದ್ದ ಉಪ್ಪಿನಂಥ ಪೊರೆ ಬೆರಳಿಗೆ ತಾಗಿತು.

“ಬೆಳಕು ಬೇಕು ಸಿಸ್ಟರ್!” ವೈದ್ಯೆ ಕೂಗಿದಳು. “ಕೈಯಲ್ಲಿ ಒತ್ತಿ ಹಿಡಿದಿದೀನಿ.”

“ಹಾಗೇ ಹಿಡ್ಕೊಂಡಿರಿ ಡಾಕ್ಟರ್, ಬಂದೆ.”

ಕತ್ತಲಲ್ಲೇ ಸ್ಟೂಲು ಹತ್ತಿ, ಗೋಡೆಯ ಗಡಿಯಾರವನ್ನು ತಡಕಿ ಇಳಿಸಿ, ಅದರ ಪೆನ್ಸಿಲ್ ಸೆಲ್ಲು ಕಿತ್ತು, ಕತ್ತರಿಯ ತುದಿಯಿಂದ ಸ್ಪ್ರಿಂಗು ಕೆರೆದು ಹಾಕಿದಳು. ಬಡಕಲು ಬೆಳಕು ಹತ್ತಿತು. ಆ ಮಿಣುಕಿನಲ್ಲೇ ಹೊಲಿಗೆ ಮುಗಿಯಿತು, ತಾಯಿ ಉಳಿದಳು.

ಸಂಜೆ ಖರೀದಿ ಅಧಿಕಾರಿ ಸಮಾಧಾನಕ್ಕೆ ಬಂದರು. “ಎಲ್ಲಾ ಒಳ್ಳೇದೇ ಆಯ್ತಲ್ಲ ಸಿಸ್ಟರ್, ಇನ್ನೂ ಯಾಕೆ ಕೋಪ?”

ದೊಡ್ಡಮ್ಮನ ದನಿ ಪಿಸುಮಾತಿಗೆ ಇಳಿಯಿತು. “ಒಳ್ಳೇದಾಯ್ತು ಅಂದ್ರೆ ತಪ್ಪು ಸರಿಹೋಯ್ತಾ? ನೀವು ಕೇಳಿಸ್ಕೊಳ್ಳಲಿಲ್ಲ. ನಾನು ಸೆಲ್ಲು ಒಳಗಿಟ್ಟು ಮರೆತೆ, ಬಿಚ್ಚಿ ನೋಡಲಿಲ್ಲ. ಅವಳು ಸತ್ತಿದ್ರೆ ನಾವಿಬ್ರೂ ಸೇರಿ ಕೊಂದ ಹಾಗೆ.”

ಆಕೆ ಅಷ್ಟಕ್ಕೇ ಬಿಡಲಿಲ್ಲ. ಮೇಲಿನವರ ಕೋಣೆಗಳಿಗೆ ಅಲೆದು, ‘ಬಾಯಿಬಡುಕಿ’ ಎನಿಸಿಕೊಂಡು, ಕಡೆಗೆ ಪ್ರತಿ ಕೊಠಡಿಗೂ ಸೆಲ್ಲು ಬದಲಿಸಬಹುದಾದ ಟಾರ್ಚು, ಪಕ್ಕದಲ್ಲೇ ಸೋರುವ ಭಯ ಕಡಿಮೆಯಿರುವ ಲಿಥಿಯಂ ಸೆಲ್ಲು ಬರುವಂತೆ ಮಾಡಿದಳು. ಬೆಲೆ ಹೆಚ್ಚೆಂದು ಗೊಣಗಿದವರ ಮುಂದೆ ಆ ಸೋರಿದ ಸೆಲ್ಲನ್ನೇ ಇಟ್ಟಳು.

ಇಂಥವರೊಡನೆ ಬಾಳುವುದು ಸುಲಭವಲ್ಲ. ನಮ್ಮ ದೊಡ್ಡಪ್ಪನನ್ನು ಕೇಳಿದರೆ ತಿಳಿದೀತು. ಕೋಪವು ಅನರ್ಥಕ್ಕೆ ಮೂಲವೆಂದು ಹಿರಿಯರು ನಮಗೆಲ್ಲ ಬೋಧಿಸಿದ್ದಾರೆ. ಆದರೆ ಹೆಸರನ್ನೂ ಅರಿಯದ ಯಾರಿಗೋ ಒದಗಬಹುದಾಗಿದ್ದ ಕೇಡಿಗಾಗಿ ಉರಿಯುವ ಸಿಟ್ಟು ಅಂತಃಕರಣದ್ದೇ ಇನ್ನೊಂದು ರೂಪವೆಂದು ನನಗೆ ತೋರುತ್ತದೆ. ಅಂಥವರನ್ನು ನಾವು ಜಗಳಗಂಟರೆಂದು ಜರೆಯುತ್ತೇವೆ. ಅವರು ಜಗಳವಾಡಿ ಉಳಿಸಿಕೊಟ್ಟ ಲೋಕದಲ್ಲೇ ನೆಮ್ಮದಿಯಾಗಿ ಬಾಳುತ್ತೇವೆ.