ಎಡಗೈಯ ಟೇಪು

ಕಳೆದ ವರ್ಷದ ಫುಟ್‌ಬಾಲ್ ಪಂದ್ಯದಲ್ಲಿ ಭಾವ ನನ್ನ ಉಂಗುರ ಬೆರಳನ್ನು ತುಳಿದದ್ದು ಬೇಕೆಂದೇ. ಚೆಂಡು ಆಗಲೇ ನನ್ನ ಎದೆಯ ಕೆಳಗಿತ್ತು, ರೆಫ್ರಿ ಸೀಟಿ ಊದಿಯಾಗಿತ್ತು. ಆಮೇಲೆ ಬಂದ ಬೂಟು ಅದು. ಸಂಜೆ ಅಕ್ಕನ ಮನೆಯಲ್ಲಿ, "ಆಟ ಅಂದ್ಮೇಲೆ ಇದೆಲ್ಲ ಇದ್ದದ್ದೇ ಕಣೋ," ಅಂತ ಹಲ್ಲು ಕಿರಿದ. ಅಕ್ಕನೂ ಅದನ್ನೇ ನಂಬಿದಳು.

ನಾನು ಕ್ಷೌರಿಕ. ಕತ್ತರಿ ಹಿಡಿಯಲು ಹೆಬ್ಬೆರಳು ಎಷ್ಟು ಮುಖ್ಯವೋ ಉಂಗುರ ಬೆರಳೂ ಅಷ್ಟೇ. ಬಲಗೈಯ ಆ ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಸಲೂನಿನಲ್ಲಿ ನನ್ನ ಕುರ್ಚಿ ಇನ್ನೊಬ್ಬನ ಪಾಲಾಯಿತು. ನನ್ನ ಪಾಲಿಗೆ ಗಡ್ಡಕ್ಕೆ ನೊರೆ ಹಚ್ಚುವುದು, ಕೂದಲು ಗುಡಿಸುವುದು. ಗುಡಿಸುವಾಗಲೆಲ್ಲ ಭಾವನ ಮುಖ ಕಣ್ಣಮುಂದೆ ಬರುತ್ತಿತ್ತು. ಇವನ ಸೊಕ್ಕು ಮುರಿಯದೆ ಬಿಡುವುದಿಲ್ಲ ಅಂತ ಹಲ್ಲು ಕಚ್ಚಿಕೊಂಡಿದ್ದೆ.

ಈ ಸಲ ಫೈನಲ್‌ನಲ್ಲಿ ಮತ್ತೆ ಅವನ ತಂಡವೇ ಎದುರು. ಗೋಲ್‌ಕೀಪರ್ ಆದವನು ನೋವಿನ ಬೆರಳನ್ನು ಯಾರಿಗೂ ತೋರಿಸುವುದಿಲ್ಲ. ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿ, ಮೇಲೆ ಗ್ಲೌಸು ಹಾಕಿ ಮುಚ್ಚಿಬಿಡುತ್ತಾನೆ. ನಾನು ತೋರಿಸಿದೆ, ಆದರೆ ಚೆನ್ನಾಗಿದ್ದ ಎಡಗೈಯನ್ನು. ಹಿಂದಿನ ದಿನ ಅಕ್ಕನ ಅಡುಗೆಮನೆಯಲ್ಲಿ ಕೂತು ಎಡಗೈ ಹೆಬ್ಬೆರಳಿಗೆ ದಪ್ಪಗೆ ಟೇಪು ಸುತ್ತಿದೆ.

"ಊದ್ಕೊಂಡಿದೆ ಅಕ್ಕ. ಚೆಂಡು ತಗುಲಿದ್ರೆ ಜೀವ ಹೋಗುತ್ತೆ. ಭಾವಂಗೆ ಮಾತ್ರ ಹೇಳ್ಬೇಡ."

ಗಂಡನ ಮುಂದೆ ಅಕ್ಕನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ?

ಆಟ ಮುಗಿಯುತ್ತಾ ಬಂದಿತ್ತು, ನಾವು ಒಂದು ಗೋಲು ಮುಂದಿದ್ದೆವು. ಅವರಿಗೆ ಪೆನಾಲ್ಟಿ ಸಿಕ್ಕಿತು. ಭಾವ ಚೆಂಡಿಟ್ಟ. ನಾನು ಎಡಗೈ ಒದರಿ ಮುಖ ಕಿವುಚಿದೆ. ಅವನ ತುಟಿಯಂಚಿನಲ್ಲಿ ನಗು. ಬಾರೋ ಮಗನೇ ಬಾ, ಅಂದುಕೊಂಡೆ. ಎಡಕ್ಕೆ ಹಾರಿದೆ. ಇದ್ದಬದ್ದ ಬಲವೆಲ್ಲ ಹಾಕಿ ಅಲ್ಲಿಗೇ ಒದ್ದಿದ್ದ. ಚೆಂಡು ನನ್ನ ಎಡ ಅಂಗೈಗೆ ಬಡಿದು ಕಂಬದಾಚೆ ಹೋಯಿತು. ಬಲಕ್ಕೆ ಒದ್ದಿದ್ದರೆ ನನ್ನ ಕಥೆ ಮುಗಿದಿತ್ತು.

ಕೊನೆಯ ಸೀಟಿ ಬಿದ್ದಾಗ ಭಾವ ಅಲ್ಲೇ ಕುಸಿದು ಕೂತ. ಅವನ ಮುಂದೆ ನಿಂತು, ಗ್ಲೌಸು ಕಳಚಿ, ಟೇಪು ಬಿಚ್ಚಿ, ಹೆಬ್ಬೆರಳನ್ನು ಕುಣಿಸಿ ತೋರಿಸಿದೆ. ಇಂಗು ತಿಂದ ಮಂಗನ ಹಾಗಾಯಿತು ಅವನ ಮುಖ. ಆಹಾ, ವರ್ಷದಿಂದ ಇಷ್ಟು ಹಿತವಾದದ್ದು ನಾನು ಏನನ್ನೂ ಕಂಡಿರಲಿಲ್ಲ.

ಅಷ್ಟರಲ್ಲಿ ಅಕ್ಕ ಗ್ಯಾಲರಿಯಿಂದ ಇಳಿದು ನೇರವಾಗಿ ಅವನ ಹತ್ತಿರ ಬಂದಳು.

"ಅವನ ಎಡಗೈ ನೋವಿದೆ, ಆ ಕಡೆ ಮಾತ್ರ ಒದೀಬೇಡಿ ಅಂತ ನಿನ್ನೆ ಅಷ್ಟು ಬೇಡ್ಕೊಂಡೆ. ಆಯ್ತು ಅಂತ ಮಾತು ಕೊಟ್ರಿ. ಹಾಗಾದ್ರೆ ಹೋದ ವರ್ಷದ್ದೂ ಬೇಕಂತಲೇ ತುಳಿದದ್ದು."

ಭಾವ ತಲೆಯೆತ್ತದೆ ಬೂಟಿನ ದಾರ ಬಿಚ್ಚುತ್ತ ಕೂತ. ನನಗೆ ಕುಣಿಯುವಷ್ಟು ಖುಷಿ. ಆಗ ಅವಳು ನನ್ನ ಕಡೆ ತಿರುಗಿ, ಎಡಗೈ ಹಿಡಿದು ಹೆಬ್ಬೆರಳನ್ನು ಒತ್ತಿ ನೋಡಿದಳು.

"ನೋವೇ ಇಲ್ವಲ್ಲೋ. ನಾನು ಇವರಿಗೆ ಹೇಳ್ತೀನಿ ಅಂತ ಗೊತ್ತಿದ್ದೇ ಹೇಳಿದ್ಯಾ?"

ಬಿಚ್ಚಿದ ಟೇಪನ್ನು ನಾನು ಬಲಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ನಿನ್ನ ಕೈಗೆ ಏನಾಗುತ್ತೋ ಅಂತ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಕಣೋ ನಾನು."

ಅಷ್ಟು ಹೇಳಿ ಕೈ ಬಿಟ್ಟಳು. ಮನೆಯ ಬೀಗದ ಕೈಯನ್ನು ಭಾವನ ಮಡಿಲಿಗೆ ಹಾಕಿ, ಬಸ್ ನಿಲ್ದಾಣದ ಕಡೆ ಒಬ್ಬಳೇ ನಡೆದಳು. ಕೂಗಿ ಕರೆಯುವ ಮುಖ ನಮ್ಮಿಬ್ಬರಿಗೂ ಇರಲಿಲ್ಲ.