ಹಲಗೆ ಬದಲಿಸಿದ ಕುರ್ಚಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ರಾಯಚೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ವೆಲ್ಡಿಂಗ್ ವೆಂಕೋಬನ ಹತ್ತಿರ ಮೊದಲು ಬೈಗುಳ ತಿನ್ನಬೇಕು, ಆಮೇಲೆ ಕೆಲಸ ಆಗುತ್ತದೆ ಅನ್ನುತ್ತಾರೆ. ನನ್ನನ್ನು ಇಪ್ಪತ್ತು ವರ್ಷ ಸಹಿಸಿಕೊಂಡವನು ಒಬ್ಬನೇ, ಬಡಿಗ ಹುಸೇನಪೀರ. ಒಂದೇ ತಗಡಿನ ಕೆಳಗೆ ಅವನು ಕಟ್ಟಿಗೆ ಕೊಯ್ಯುತ್ತಿದ್ದ, ನಾನು ಕಬ್ಬಿಣ ಬೆಸೆಯುತ್ತಿದ್ದೆ.

ಐವತ್ತೊಂಬತ್ತನೇ ಇಸವಿಯಲ್ಲಿ ದೇವದುರ್ಗದಲ್ಲಿ ಹೊಸ ಸರ್ಕಾರಿ ಬಂಗ್ಲೆ ಎದ್ದಿತು. ಅದರ ಕುರ್ಚಿಗಳಿಗೆ ಮುಂಬಯಿಯಿಂದ ಬಂದ ಸಾಹೇಬರೊಬ್ಬರು ಕಾಗದದ ಮೇಲೆ ನಕ್ಷೆ ಬರೆದು ನಮ್ಮ ಕೈಗಿಟ್ಟರು. ತೆಳ್ಳಗಿನ ಕಬ್ಬಿಣದ ಸರಳು ಬಾಗಿ ಬಾಗಿ ಕಾಲಾಗಬೇಕು, ಅದರ ಮೇಲೆ ತೇಗದ ಹಲಗೆ ತೇಲಿದಂತೆ ಕೂರಬೇಕು. ಕೆತ್ತನೆ ಇಲ್ಲ, ಹೂಬಳ್ಳಿ ಇಲ್ಲ.

"ಇದು ಕುರ್ಚಿ ಏನಲೇ ವೆಂಕೋಬ, ಮಿಡತಿ ಕುಂತಂಗ ಅದ!" ಎಂದು ಹುಸೇನಪೀರ ನಕ್ಕಿದ್ದ. ನಕ್ಕವನೇ ಮೂರು ದಿನ ನಿದ್ದೆಗೆಟ್ಟು ಹಲಗೆ ತಿದ್ದಿದ. ಮೊದಲ ಕುರ್ಚಿಯ ಬೆನ್ನು ಒಂದು ಬೆರಳು ಗಿಡ್ಡವಾಯಿತೆಂದು ಸಾಹೇಬರು ಒಲ್ಲೆ ಅಂದರು. ಅದನ್ನು ಹುಸೇನಪೀರ ಮನೆಗೆ ಒಯ್ದ. ಮುಂದೆ ಹನ್ನೆರಡು ಮಾಡಿಕೊಟ್ಟೆವು, ಎಲ್ಲ ಒಪ್ಪಿಗೆಯಾದವು.

ಕಣ್ಣು ಮಂಜಾದ ಮೇಲೆ ಅವನು ಹೆಂಡತಿ ಮಹಬೂಬೀಯ ತವರೂರು ಮಾನ್ವಿಗೆ ಹೋಗಿ ಉಳಿದ. ಮಕ್ಕಳಿರಲಿಲ್ಲ. ಎಂಬತ್ತೆರಡರ ಚಳಿಗಾಲದಲ್ಲಿ ತೀರಿಕೊಂಡ. ಮಣ್ಣಿಗೆ ಹೋದಾಗ ನಾನು ಅಳಲಿಲ್ಲ, ಗೋರಿ ಅಗೆದವನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಮರುವರ್ಷ ಬೇಸಿಗೆಯಲ್ಲಿ ಗಲಗಲಿ ಎಂಬುವರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಧಾರವಾಡದ ಕಡೆಯವರು, ಮುಂಬಯಿಯ ಒಂದು ಮ್ಯೂಸಿಯಮ್ಮಿನಲ್ಲಿ ನೌಕರಿ. ಬಂಗ್ಲೆಯ ಸಾಮಾನು ಹರಾಜಾದಾಗ ಹೋದ ನಮ್ಮ ಕುರ್ಚಿಗಳಲ್ಲಿ ನಾಲ್ಕು, ಕೈಯಿಂದ ಕೈಗೆ ದಾಟಿ ಅಲ್ಲಿಗೆ ಸೇರಿದ್ದವಂತೆ. ಫೋಟೊ ತೋರಿಸಿದರು. ಅಯ್ಯೋ ನನ್ನಪ್ಪಾ! ನಮ್ಮ ಕುರ್ಚಿಗಳು ದೀಪದ ಬೆಳಕಿನಲ್ಲಿ ಕಟ್ಟೆಯ ಮೇಲೆ ನಿಂತಿದ್ದವು, ಸುತ್ತ ಯಾರೂ ಮುಟ್ಟದಂತೆ ಹಗ್ಗ ಕಟ್ಟಿತ್ತು. ಪಕ್ಕದ ಚೀಟಿಯಲ್ಲಿ ನಕ್ಷೆ ಬರೆದ ಸಾಹೇಬರ ಹೆಸರು ಮಾತ್ರ ಇತ್ತು.

"ಮತ್ತ ಮಾಡಿದವರು ಎಲ್ಲಿ ಹೋದ್ರು? ನಿಮ್ಮ ಸಾಹೇಬ ಒಂದು ಮೊಳಿ ಸುದ್ದಾ ಬಡದಿಲ್ರೀ!" ಎಂದು ರೇಗಿದೆ.

"ಅದಕ್ಕ ಬಂದೀನ್ರಿ," ಅಂದರು ಗಲಗಲಿ. "ಮಾಡಿದವರ ಹೆಸರೂ ಚೀಟಿಯೊಳಗ ಬರಬೇಕು ಅಂತ ನನ್ನ ಆಸೆ. ನಿಮ್ಮ ಕಡೆ ಒಂದಾದ್ರೂ ಉಳದದ ಏನ್ರಿ?"

ಒಲ್ಲೆ ಅಂದಿದ್ದ ಮೊದಲ ಕುರ್ಚಿಯ ಕತೆ ಹೇಳಿದೆ. ಅವರ ಮುಖ ಅರಳಿತು. ಹದಿನೈದು ದಿನ ಬಿಟ್ಟು ಮಾನ್ವಿಗೇ ಬಂದು ಒಯ್ಯುತ್ತೇನೆ ಎಂದು ಹೋದರು.

ನಾನು ಮರುದಿನವೇ ಬಸ್ಸು ಹತ್ತಿ ಮಹಬೂಬೀಗೆ ಸುದ್ದಿ ಮುಟ್ಟಿಸಿದೆ.

"ಗೋರಿ ಮ್ಯಾಲ ಒಂದು ಕಲ್ಲು ನಿಲ್ಲಸಾಕ ಆಗಿಲ್ಲಣ್ಣಾ," ಅಂದಳು. "ಬರೇ ಮಣ್ಣು. ಮಳಿ ಬಂದ ಮ್ಯಾಲ ಯಾವುದು ಅವರದು ಅಂತ ನಾನೇ ಹುಡುಕಬೇಕಾಗ್ತದ. ಒಂದು ಕಡಿಯಾದ್ರೂ ಅವರ ಹೆಸರು ಬರದಿರ್ತದ ಅಂದ್ರ ಕೊಡ್ತೀನಿ, ಒಯ್ಲಿ."

ಕುರ್ಚಿಯ ಮೇಲೆ ಹಾಸಿಗೆಯ ಸುರುಳಿ ಇತ್ತು. ಸರಳು ತುಕ್ಕು ಹಿಡಿದಿತ್ತು. ಕೂರುವ ಹಲಗೆ ಉದ್ದಕ್ಕೆ ಸೀಳಿತ್ತು, ಒಂದಂಚು ಹುಳು ತಿಂದಿತ್ತು. ನೋಡಿ ನನಗೆ ನಾಚಿಕೆಯಾಯಿತು. ನಮ್ಮ ಅಂಗಡಿಯಲ್ಲಿ ಹುಸೇನಪೀರನದೇ ಒಂದು ಕಟ್ಟಳೆ ಇತ್ತು: ನಮ್ಮ ಕೈಯಿಂದ ಹೊರಗೆ ಹೋಗುವ ಸಾಮಾನು ಹೊಸದರಂತೆ ಹೋಗಬೇಕು. ಯಾರಾದರೂ ಒಂದು ಮೊಳೆ ಹೊಡೆಸಲು ಸ್ಟೂಲು ತಂದರೂ ನಾಲ್ಕು ಕಾಲು ಬಿಗಿ ಮಾಡಿ, ಪಾಲಿಶ್ ಉಜ್ಜಿಯೇ ಕೊಡುತ್ತಿದ್ದ. ಅಂಥವನ ಕುರ್ಚಿ ಈ ಅವತಾರದಲ್ಲಿ ಮುಂಬಯಿಗೆ ಹೋಗುವುದೇ?

ರಾಯಚೂರಿಗೆ ಬಂದು ಹಳೆಯ ತೇಗದ ಒಳ್ಳೆಯ ಹಲಗೆಯೊಂದನ್ನು ಅಳತೆಗೆ ಕೊಯ್ಯಿಸಿದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಾನ್ವಿಗೆ ಒಯ್ದೆ. ಎರಡು ದಿನ ಕೂತು ತುಕ್ಕು ಉಜ್ಜಿದೆ, ಸರಳಿಗೆ ಕಪ್ಪು ಬಣ್ಣ ಹೊಡೆದೆ, ಹಳೆಯ ಹಲಗೆ ಬಿಚ್ಚಿ ಹೊಸದು ಕೂರಿಸಿದೆ. ಬಿಚ್ಚಿದ್ದನ್ನು ಕೊಡಲಿಯಿಂದ ನಾಲ್ಕು ಸೀಳು ಮಾಡಿ ಒಲೆಯ ಮುಂದೆ ಹಾಕಿದೆ. ಮಹಬೂಬೀ ಅದರ ಮೇಲೆ ಚಹಾ ಕಾಸಿದಳು. ಒಣಗಿದ ತೇಗ, ಚಟಪಟ ಉರಿಯಿತು. ಆ ಚಹಾ ಇಬ್ಬರೂ ಕುಡಿದೆವು.

"ಈಗ ನೋಡು ತಂಗಿ, ಮದಿಮಗ ಆಗ್ಯಾನ!" ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಹೇಳಿದ ದಿನವೇ ಗಲಗಲಿಯವರ ಜೀಪು ಬಂತು. ಅಂಗಳದಲ್ಲಿ ಕುರ್ಚಿ ಫಳಫಳ ಹೊಳೆಯುತ್ತಿತ್ತು. ಅವರು ಅಂಗಳದ ಅಂಚಿನಲ್ಲೇ ನಿಂತುಬಿಟ್ಟರು.

"ಹಲಗಿ?"

"ಹೊಸಾದು ಹಾಕೀನ್ರಿ. ಇನ್ನ ಐವತ್ತು ವರ್ಷಕ್ಕ ಏನೂ ಆಗಂಗಿಲ್ಲ," ಅಂದೆ ಎದೆಯುಬ್ಬಿಸಿ.

"ಹಳೀದು ಎಲ್ಲಿ ಅದ ರೀ?"

"ಸುಟ್ಟಿವಿ."

ಅವರು ಕೂತು ಕುರ್ಚಿಯನ್ನು ಮಗುಚಿದರು. ಮಾಡಿದವರ ಗುರುತು ಏನಾದರೂ ಇದೆಯೇ ಎಂದು ಬೆರಳಾಡಿಸಿದರು. ಹಿಂದಿನ ಕಾಲಿನ ಒಳಮೈಯಲ್ಲಿ, ಬಣ್ಣದಡಿ, ನಾನು ಉಜ್ಜುವಾಗ ತುಕ್ಕಿನ ಗುಳಿ ಅಂದುಕೊಂಡಿದ್ದ ಕಡೆ, ಚುಕ್ಕೆ ಚುಕ್ಕೆಯಾಗಿ ಬಡಿದ ಅಕ್ಷರಗಳು ಸಿಕ್ಕವು. ವೆಂಕೋಬ, ರಾಯಚೂರು, ೧೯೫೯.

ಆಗ ನೆನಪಾಯಿತು. ಸಾಹೇಬರು ಒಲ್ಲೆ ಅಂದ ದಿನ ಹುಸೇನಪೀರ ಈ ಕುರ್ಚಿಯನ್ನು ಹೀಗೆಯೇ ಮಗುಚಿ ಹಾಕಿದ್ದ. "ಅವರಿಗೆ ಬ್ಯಾಡಾದ್ರ ಇದು ನಮ್ಮದು. ನಮ್ಮದರ ಮ್ಯಾಲ ನಮ್ಮ ಹೆಸರು," ಎಂದು ಸಣ್ಣ ಉಳಿಯಿಂದ ಹಲಗೆಯ ಅಡಿಗೆ ಉರ್ದುವಿನಲ್ಲಿ ತನ್ನ ಹೆಸರು ಕೊರೆದಿದ್ದ. ನನ್ನ ಕೈಯಿಂದಲೂ ಕಬ್ಬಿಣದ ಮೇಲೆ ನನ್ನ ಹೆಸರು ಹೊಡೆಸಿದ್ದ. ಇಪ್ಪತ್ನಾಲ್ಕು ವರ್ಷದ ಹೊಗೆ, ಧೂಳು ಅದರೊಳಗೆ ತುಂಬಿ ಹಲಗೆ ಕರ್ರಗಾಗಿತ್ತು. ನಾನು ಅದನ್ನು ತಿರುಗಿಸಿಯೂ ನೋಡಿರಲಿಲ್ಲ.

"ಇತ್ರೀ! ಅಂವನ ಹೆಸರು ಇತ್ತು! ನಾನೇ ನೋಡೀನಿ, ನನ್ನ ಎದುರಿಗೇ ಕೊರದಾನ!" ಎಂದು ಕೂಗಿದೆ.

ಗಲಗಲಿ ತಲೆ ತಗ್ಗಿಸಿದರು. "ನಾ ನಂಬ್ತೀನ್ರಿ. ಆದ್ರ ಮ್ಯೂಸಿಯಂದವರು ಸಾಮಾನಿನ ಮ್ಯಾಲಿದ್ದದ್ದು, ಇಲ್ಲಾ ಕಾಗದದಾಗಿದ್ದದ್ದು ಬಿಟ್ಟು ಬ್ಯಾರೆ ಬರಿಯಂಗಿಲ್ಲ. ಕಾಗದ ಏನಾದ್ರೂ ಅವ ಏನ್ರಿ?"

ಕಾಗದವೆಲ್ಲ ಬಂಗ್ಲೆಯ ಕೆಲಸ ಹಿಡಿದಿದ್ದ ಕಂತ್ರಾಟುದಾರನ ಹೆಸರಿನಲ್ಲಿದ್ದವು. ಅವನೂ ಸತ್ತಿದ್ದ.

"ಹಂಗಾದ್ರ ನಿಮ್ಮ ಹೆಸರು ಬರೀತೀನಿ. ಇದು ಗಟ್ಟಿ ಅದ," ಅಂದರು.

ಬಾಗಿಲಲ್ಲಿ ಮಹಬೂಬೀ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಗೆಳೆಯನ ಹೆಸರು ಒಲೆಗೆ ಹಾಕಿ ನನ್ನದನ್ನು ಮುಂಬಯಿಗೆ ಕಳಿಸುವುದೇ? ನನ್ನ ಮೇಲೆ ನನಗೇ ಬೆಂಕಿಯಂಥ ಸಿಟ್ಟು ಬಂತು. ಚೀಲದಿಂದ ಕಬ್ಬಿಣ ಉಜ್ಜುವ ಅರ ತೆಗೆದೆ. ಗಲಗಲಿ "ರೀ, ರೀ, ಏನ್ ಮಾಡಾಕತ್ತೀರಿ!" ಎಂದು ಕೈ ಹಿಡಿಯುವಷ್ಟರಲ್ಲಿ ನನ್ನ ಹೆಸರಿನ ಮೇಲೆ ಹತ್ತಾರು ಸಲ ಎಳೆದಿದ್ದೆ. ಹೊಳೆಯುವ ಬರೀ ಕಬ್ಬಿಣ ಉಳಿಯಿತು.

ಅವರು ನನ್ನನ್ನು ಬೈಯಲಿಲ್ಲ. ಮೊದಲನೆಯ ಕುರ್ಚಿ ಇದೇ ಅಂದಮೇಲೆ ಬಿಡಲಾಗದು ಎಂದು ಚಾದರದಲ್ಲಿ ಸುತ್ತಿ ಜೀಪಿಗೆ ಏರಿಸಿದರು. ಚೀಟಿಯಲ್ಲಿ, ಮಾಡಿದವರು ಯಾರೋ ತಿಳಿದಿಲ್ಲ ಎಂದು ಬರೆಯಬೇಕಾಗುತ್ತದೆ ಅಂದರು.

ಜೀಪು ಹೋದ ಮೇಲೆ ಮಹಬೂಬೀ ಅಂಗಳಕ್ಕೆ ಬಂದಳು.

"ನಿನ್ನ ಹೆಸರು ಯಾಕ ಅಳಿಸಿದಿ ಅಣ್ಣಾ?"

"ಅಂವಂದು ಇಲ್ಲದ ಕಡಿ ನಂದ್ಯಾಕ ಬೇಕು?"

"ನಿಂದು ಇದ್ದಿದ್ರ ಯಾರರ ಒಬ್ಬರು ಓದಿ ರಾಯಚೂರಿಗೆ ಬರ್ತಿದ್ರು. ಕಬ್ಬಿಣ ನಿಂದು, ಕಟ್ಟಿಗಿ ಕೆಲಸ ಯಾರದು ಅಂತ ಕೇಳ್ತಿದ್ರು. ನೀ ಅವರ ಹೆಸರು ಹೇಳ್ತಿದ್ದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಈಗ ಯಾರು ಬರ್ತಾರ? ಬಂದ್ರೂ ಯಾರನ್ನ ಕೇಳ್ತಾರ?"

ನಾನು ಅರವನ್ನು ಚೀಲಕ್ಕೆ ಹಾಕಿಕೊಂಡೆ. ಬಸ್ಸಿಗೆ ಹೊತ್ತಾಯಿತು ಎಂದು ಅವಳೇ ಹೇಳಿದಳು.

ಇದಾಗಿ ಮೂರು ವರ್ಷ. ಅಂಗಡಿಯ ಮುಂದೆ ಯಾವ ಗಾಡಿ ನಿಂತರೂ ಕೆಲಸ ಬಿಟ್ಟು ಎದ್ದು ಹೋಗುತ್ತೇನೆ. ಎಲ್ಲರೂ ಗೇಟು, ಕಿಟಕಿ ಮಾಡಿಸಲು ಬಂದವರೇ. ಅವರ ಕೆಲಸ ಹಿಡಿಯುವ ಮೊದಲು, ಹುಸೇನಪೀರ ಅಂತ ಒಬ್ಬ ಬಡಿಗ ಇದ್ದ ಎಂದು ಶುರು ಮಾಡುತ್ತೇನೆ. ಅವರು ಗಡಿಯಾರ ನೋಡಿಕೊಂಡು, ಗೇಟು ಯಾವಾಗ ಕೊಡ್ತೀರಿ ಅನ್ನುತ್ತಾರೆ.