ಡ್ರಾಯರಿನೊಳಗಿನ ಎರಡು ಫೋನು

"ತೊಂಬತ್ತೊಂಬತ್ತಾ?" ಸೋಮವಾರ ಬೆಳಿಗ್ಗೆ ಡ್ರಾಯರಿನಿಂದ ತೆಗೆದ ಫೋನನ್ನು ಅವಳು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದಳು.

ಫೋನು ತಯಾರಿಸುವ ಆ ಕಂಪನಿಯಲ್ಲಿ ಪರೀಕ್ಷೆಯ ಕೋಣೆ ಅವಳದು. ಹೊಸ ಮಾಡೆಲ್ಲಿಗೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕುವುದೆಂದು ಅಂದೇ ತೀರ್ಮಾನವಾಗಬೇಕಿತ್ತು. ಒಂದನ್ನು ಯಾವುದೋ ದೊಡ್ಡ ಕಂಪನಿ ಪುಕ್ಕಟೆ ಕೊಡುತ್ತೇನೆಂದು ಬೆನ್ನು ಬಿದ್ದಿತ್ತು. ಪುಕ್ಕಟೆ ಎಂದರೆ ಸಾಕು, ಅವಳಿಗೆ ಮೈಯೆಲ್ಲ ಅನುಮಾನ. ಇನ್ನೊಂದನ್ನು ಅವಳ ಗಂಡ ಮತ್ತು ಐದು ಜನ ನಾಲ್ಕು ವರ್ಷ ಕೂತು ಬರೆದಿದ್ದರು. ಅದು ಬೇಡವೆಂದಾದರೆ ಆರೂ ಜನ ಮನೆಗೆ.

ಸುಮ್ಮನೆ ಬಿದ್ದಿರುವ ಫೋನು ಎಷ್ಟು ಬ್ಯಾಟರಿ ತಿನ್ನುತ್ತದೆಂದು ನೋಡುವುದು ಅವಳ ಪದ್ಧತಿ. ಶನಿವಾರ ಸಂಜೆ, ಒಂದೊಂದು ಸಿಸ್ಟಮ್ ಹಾಕಿದ ಎರಡು ಫೋನಿಗೂ ಪೂರ್ತಿ ಚಾರ್ಜ್ ಮಾಡಿ, ಆನ್ ಆಗಿದ್ದಂತೆಯೇ ಒಳಗಿಟ್ಟು ಬೀಗ ಹಾಕಿದ್ದಳು. ಪುಕ್ಕಟೆಯದು ಎಪ್ಪತ್ತೆರಡಕ್ಕೆ ಇಳಿದಿತ್ತು. "ಒಳಗೆ ಕೂತು ಯಾರ ಹತ್ರ ಹರಟೆ ಹೊಡೀತಿದ್ದೆ ನೀನು?" ಎಂದು ಅದನ್ನು ಬೈದಳು.

ಆದರೆ ಗಂಡನ ಫೋನಿನ ತೊಂಬತ್ತೊಂಬತ್ತು ಗಂಟಲಿಗಿಳಿಯಲಿಲ್ಲ. ಸೆಟ್ಟಿಂಗ್ಸ್ ತೆರೆದು, ಅದು ಆನ್ ಆಗಿ ಎಷ್ಟು ಹೊತ್ತಾಯಿತೆಂದು ನೋಡಿದಳು. ನಲವತ್ತು ನಿಮಿಷ!

ಶನಿವಾರ ಗೇಟಿನವರೆಗೆ ಜೊತೆಗೆ ಬಂದಿದ್ದ ಗಂಡ, "ಊಟದ ಡಬ್ಬಿ ಒಳಗೇ ಬಿಟ್ಟೆಯಲ್ಲೇ, ಕೀ ಕೊಡು" ಎಂದು ವಾಪಸು ಹೋಗಿದ್ದ. ಈ ದಿನ, "ಬಾಗಿಲು ನಾನೇ ತೆಗೀತೀನಿ" ಎಂದು, ಡ್ರಾಯರಿನ ಕೀಯೂ ಇದ್ದ ಗೊಂಚಲು ಹಿಡಿದು ಮೊದಲೇ ಬಂದಿದ್ದ. ಅಯ್ಯೋ, ಡಬ್ಬಿ ತಂದುಕೊಟ್ಟನೆಂದು ಅವಳು ದಾರಿಯುದ್ದಕ್ಕೂ ಹಿಗ್ಗಿದ್ದಳಲ್ಲ!

"ಆಫ್ ಮಾಡಿಟ್ಟಿದ್ರಾ?" ಅವನನ್ನು ಕರೆಸಿ ಕೇಳಿದಳು.

"ಹೋದ ತಿಂಗಳು ಅರವತ್ತಕ್ಕೆ ಇಳಿದಿತ್ತು. ಸರಿ ಮಾಡಿದೀವಿ, ಆದ್ರೂ ಭಯ ಆಯ್ತು ಕಣೇ. ಆರು ಮನೆ. ನೀನು ಸುಮ್ನಿದ್ರೆ ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಯ್ತಲ್ಲ ರೀ."

ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಮುಖ ತೊಳೆದುಕೊಂಡು ನೇರ ಯಜಮಾನರ ಕೋಣೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ ಸಾರ್. ಬುಧವಾರದ ತನಕ ತಡೀರಿ."

ಯಜಮಾನರು ಪೆನ್ನಿನ ಮುಚ್ಚಳ ತೆಗೆದರು. "ಆ ಪುಕ್ಕಟೆಯವರು ಏನು ಮಾಡ್ತಾರೋ ನಂಗೊತ್ತಿಲ್ಲಮ್ಮ. ನಮ್ಮವರು ಏನು ಮಾಡ್ತಾರೆ ಅಂತ ಈಗ ಗೊತ್ತಾಯ್ತು." ಪುಕ್ಕಟೆಯವರ ಒಪ್ಪಂದಕ್ಕೆ ಸಹಿ ಬಿತ್ತು.

ಆದರೂ ಆ ಸಂಜೆ ಅವಳು ಎರಡನ್ನೂ ಮತ್ತೆ ಚಾರ್ಜ್ ಮಾಡಿ ಒಳಗಿಟ್ಟಳು. ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ. ಕೀಗೊಂಚಲು ಈ ಸಲ ಅವಳ ಸೊಂಟ ಬಿಟ್ಟು ಕದಲಲಿಲ್ಲ.

ಬುಧವಾರ ಬೆಳಿಗ್ಗೆ ತೆಗೆದಳು. ಪುಕ್ಕಟೆಯದು ಎಪ್ಪತ್ತೊಂದು. ತನ್ನ ಮೇಜು ಖಾಲಿ ಮಾಡಿ, ಸಾಮಾನಿನ ರಟ್ಟಿನ ಪೆಟ್ಟಿಗೆ ಹೊತ್ತು ಬಾಗಿಲಲ್ಲಿ ನಿಂತಿದ್ದ ಗಂಡ, "ನಮ್ಮದು?" ಎಂದ.

ಅವಳು ಫೋನನ್ನೇ ಚಾಚಿದಳು. ಅವನು ಪೆಟ್ಟಿಗೆ ಕೆಳಗಿಟ್ಟು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ.

ತೊಂಬತ್ತೊಂದು.

ಅವನು ನೋಡುತ್ತ ನಿಂತಿದ್ದಂತೆಯೇ ಪರದೆಯ ಬೆಳಕು ತಾನಾಗಿ ಆರಿತು. ಬೆರಳು ತಾಗಿಸಿ ಮತ್ತೆ ಬೆಳಗಿಸಿದ.